ಒಂದೇ ಪ್ಲೇಟು, ಎರಡು ಕತ್ತಿ: ಹದ ತಪ್ಪಿದ್ದು ಎಲ್ಲಿ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರ ಅಡಿಕೆ ತೋಟ. ಹಳೇ ಲಾರಿಯ ಒಂದೇ ಪ್ಲೇಟನ್ನು (ಅಡಿಯ ಸ್ಪ್ರಿಂಗ್ ಪಟ್ಟಿ) ಎರಡು ತುಂಡು ಮಾಡಿಸಿ ಎರಡು ಕತ್ತಿ ಮಾಡಿಸಿದೆ. ಒಂದನ್ನು ನಮ್ಮೂರ ಆಚಾರರು ಕುಲುಮೆಯಲ್ಲಿ ಮಾಡಿಕೊಟ್ಟರು. ನಾಲ್ಕು ವರ್ಷವಾಯ್ತು, ಬೆಟ್ಟದಲ್ಲಿ ಸೊಪ್ಪು ಕಡಿಯಲು ಈಗಲೂ ಅದೇ ಕತ್ತಿ. ಇನ್ನೊಂದನ್ನು ಅವಸರಕ್ಕೆ ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆ. ಮೊದಲ ದಿನವೇ ಬಿದಿರಿಗೆ ಹೊಡೆದಾಗ ಬಾಯಿಯ ಚೂರು ಹಾರಿತು. ವಾಪಸ್ ಕೊಟ್ಟೆ. ಮತ್ತೆ ಕಾಯಿಸಿ ಕೊಟ್ಟರು. ಈಗ ಚೂರು ಹಾರುವುದಿಲ್ಲ, ಬಾಯಿ ಮಡಚುತ್ತದೆ. ಕಬ್ಬಿಣವೇ ಡೂಪ್ಲಿಕೇಟ್ ಎನ್ನುತ್ತಾರೆ ಕೆಲವರು. ಕಾರವಾರದ ಸಮುದ್ರದ ನೀರು ತಂದು ಅದರಲ್ಲಿ ಅದ್ದಿಸಿದರೆ ಒಳ್ಳೇ ಹದ ಬರುತ್ತದೆ ಎಂದು ಒಬ್ಬರು ಹೇಳಿದರು. ನಿಜವೇ? ಈ ಕತ್ತಿ ಸರಿಯಾದೀತೇ?

ಉತ್ತರ: ಕಬ್ಬಿಣ ಡೂಪ್ಲಿಕೇಟ್ ಅಲ್ಲ. ಅದಕ್ಕೆ ಸಾಕ್ಷಿಯನ್ನು ನೀವೇ ಬರೆದಿದ್ದೀರಿ. ಮೊದಲ ದಿನ ಬಾಯಿ ಗಾಜಿನ ಹಾಗೆ ಚೂರಾಗಿ ಹಾರಿತು ಅಂದಿರಲ್ಲ, ಕಳಪೆ ಮೆತ್ತನೆ ಕಬ್ಬಿಣಕ್ಕೆ ಹಾಗೆ ಒಡೆಯುವ ಯೋಗ್ಯತೆಯೇ ಇಲ್ಲ. ಅದು ಬಗ್ಗುತ್ತದೆ ಅಷ್ಟೇ. ಹಾಗೆ ಒಡೆಯಬೇಕಾದರೆ ಅದರೊಳಗೆ ಸಾಕಷ್ಟು ಇಂಗಾಲ, ಅಂದರೆ ಕಾರ್ಬನ್, ಇರಲೇಬೇಕು. ಆಮೇಲೆ ಅದೇ ಕತ್ತಿ ಮಡಚತೊಡಗಿತು. ನಡುವೆ ಕಬ್ಬಿಣ ಬದಲಾಗಲಿಲ್ಲ. ಅದಕ್ಕೆ ಕೊಟ್ಟ ಬಿಸಿ ಮತ್ತು ಆರಿಸಿದ ರೀತಿ ಬದಲಾಯಿತು.

ಹದ ಎನ್ನುವ ಮಾತು ನಮ್ಮಲ್ಲಿ ಗದ್ದೆಯ ಮಣ್ಣಿಗೂ ಉಂಟು, ಆಲೆಮನೆಯ ಬೆಲ್ಲಕ್ಕೂ ಉಂಟು, ಕತ್ತಿಗೂ ಉಂಟು. ಅದೇ ಕಬ್ಬಿನ ಹಾಲನ್ನು ಒಂದು ಹದಕ್ಕೆ ಇಳಿಸಿದರೆ ಜೋನಿಬೆಲ್ಲ, ಇನ್ನಷ್ಟು ಕಾಯಿಸಿದರೆ ಅಚ್ಚುಬೆಲ್ಲ. ಆದರೆ ಬೆಲ್ಲದಲ್ಲಿ ನೀರು ಆರಿಹೋಗಿ ಪದಾರ್ಥವೇ ಬದಲಾಗುತ್ತದೆ. ಉಕ್ಕಿಗೆ ಸರಿಯಾಗಿ ಹದ ಹಾಕಿದರೆ ಏನೂ ಹೋಗುವುದಿಲ್ಲ, ಏನೂ ಸೇರುವುದಿಲ್ಲ. ಒಳಗಿನ ಜೋಡಣೆ ಮಾತ್ರ ಬೇರೆಯಾಗುತ್ತದೆ.

ಲಾರಿ ಪ್ಲೇಟಿನ ಉಕ್ಕು ಸಾಮಾನ್ಯವಾಗಿ ಒಂದೆರಡು ಜಾತಿಯದು. ಹಳೇ ಗಾಡಿಗಳಲ್ಲಿ ಹೆಚ್ಚಾಗಿ ಸಿಗುವ ಇಎನ್ 45 ಎಂಬ ಜಾತಿಯಲ್ಲಿ ನೂರಕ್ಕೆ 0.5ರಿಂದ 0.6ರಷ್ಟು ಕಾರ್ಬನ್, 1.5ರಿಂದ 2ರಷ್ಟು ಸಿಲಿಕಾನ್, ಒಂದಕ್ಕಿಂತ ಸ್ವಲ್ಪ ಕಡಿಮೆ ಮ್ಯಾಂಗನೀಸ್ ಇರುತ್ತದೆ. ಉಳಿದದ್ದು ಬಹುಪಾಲು ಕಬ್ಬಿಣ. ಒಂದು ಕಿಲೋ ಪ್ಲೇಟಿನಲ್ಲಿ ಕಾರ್ಬನ್ ಬರೇ ಐದಾರು ಗ್ರಾಂ. ಒಂದು ಚಮಚ ಸಕ್ಕರೆಯಷ್ಟು ಎಂದಿಟ್ಟುಕೊಳ್ಳಿ. ಇಡೀ ಆಟ ನಡೆಯುವುದು ಆ ಒಂದು ಚಮಚದಿಂದ.

ಕಬ್ಬಿಣದ ಪರಮಾಣುಗಳು ಸುಮ್ನೆ ರಾಶಿ ಬಿದ್ದಿರುವುದಿಲ್ಲ. ಸಾಲು ಸಾಲಾಗಿ ಕೂತಿರುತ್ತವೆ. ತಣ್ಣಗಿರುವಾಗ ಒಂದು ರೀತಿಯಲ್ಲಿ ಕೂತರೆ, ಚೆನ್ನಾಗಿ ಕಾದಾಗ ಎದ್ದು ಇನ್ನೊಂದು ರೀತಿಯಲ್ಲಿ ಕೂರುತ್ತವೆ. ಅಪ್ಪಟ ಕಬ್ಬಿಣದಲ್ಲಿ ಇದು ಆಗುವುದು 912 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಾರ್ಬನ್ ಇರುವ ಉಕ್ಕಿನಲ್ಲಿ 727 ಡಿಗ್ರಿಯಿಂದಲೇ ಶುರು. ಬಿಸಿ ಜೋಡಣೆಗೆ ಆಸ್ಟೆನೈಟ್ ಎಂದೂ ತಣ್ಣನೆ ಜೋಡಣೆಗೆ ಫೆರೈಟ್ ಎಂದೂ ಹೆಸರು.

ಆಸ್ಟೆನೈಟ್‌ನ ಸಾಲುಗಳ ನಡುವೆ ಕಾರ್ಬನ್ ಕೂರಲು ಒಳ್ಳೇ ಜಾಗ ಇದೆ. ನೂರಕ್ಕೆ 2ರವರೆಗೂ ಅದು ನುಂಗಿಕೊಳ್ಳುತ್ತದೆ. ಫೆರೈಟ್‌ನಲ್ಲಿ ಹೆಚ್ಚೆಂದರೆ 0.02. ಅಂದರೆ ನಿಮ್ಮ ಕತ್ತಿ ಕೆಂಪಗೆ ಕಾದಾಗ ಕಾರ್ಬನ್ ಎಲ್ಲಾ ಒಳಗೆ ಆರಾಮಾಗಿ ಕರಗಿದೆ. ತಣಿಯುವಾಗ ಅದನ್ನು ಹೊರಹಾಕಲೇಬೇಕು. ಹೊರಹಾಕಲು ಎಷ್ಟು ಹೊತ್ತು ಸಿಕ್ಕಿತು ಎನ್ನುವುದರ ಮೇಲೆ ಕತ್ತಿಯ ಹಣೆಬರಹ ನಿಂತಿದೆ.

ನಿಧಾನ ತಣಿದರೆ ಕಾರ್ಬನ್ ಹೊರಬಂದು ಕಬ್ಬಿಣದ ಜೊತೆ ಸೇರಿ ಸಿಮೆಂಟೈಟ್ ಎಂಬ ಗಟ್ಟಿ ಪದಾರ್ಥವಾಗುತ್ತದೆ. ಒಂದು ಪದರ ಮೆತ್ತನೆ ಫೆರೈಟ್, ಒಂದು ಪದರ ಗಟ್ಟಿ ಸಿಮೆಂಟೈಟ್, ಮತ್ತೆ ಫೆರೈಟ್, ಹೀಗೆ. ಪದರ ಪದರದ ಸಿಹಿತಿಂಡಿ ತೊಡೆದೇವು ಮುರಿದು ನೋಡಿದ ಹಾಗೆ. ತೊಡೆದೇವಿನಲ್ಲಿ ಎಲ್ಲಾ ಪದರವೂ ಒಂದೇ, ಇಲ್ಲಿ ಎರಡು ಜಾತಿ, ಅಷ್ಟೇ ವ್ಯತ್ಯಾಸ. ಪದರಗಳ ದಪ್ಪ ಕೂದಲಿನ ನೂರನೇ ಒಂದು ಪಾಲಿಗಿಂತ ಕಡಿಮೆ. 1860ರ ದಶಕದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹೆನ್ರಿ ಕ್ಲಿಫ್ಟನ್ ಸಾರ್ಬಿ ಉಕ್ಕನ್ನು ಕನ್ನಡಿಯಂತೆ ಉಜ್ಜಿ, ಆಸಿಡ್ ತಾಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಇದು ಮುತ್ತಿನ ಹಾಗೆ ಮಿನುಗುತ್ತಿತ್ತು. ಪರ್ಲೈಟ್ ಎಂಬ ಹೆಸರು ಬಂದದ್ದು ಹಾಗೆ. ಬೂದಿಯಲ್ಲಿ ಹುಗಿದು ಬಹಳ ನಿಧಾನ ಆರಿಸಿದರೆ ಪದರ ದಪ್ಪ, ಉಕ್ಕು ಮೆತ್ತಗೆ. ಗಾಳಿಯಲ್ಲಿ ಆರಿಸಿದರೆ ಪದರ ತೆಳು, ಸ್ವಲ್ಪ ಗಟ್ಟಿ. ಆದರೂ ಕತ್ತಿಯ ಬಾಯಿಗೆ ಬೇಕಾದಷ್ಟು ಗಟ್ಟಿ ಅಲ್ಲ.

ಇನ್ನು ಕೆಂಪಗಿರುವಾಗಲೇ ಅದ್ದಿಬಿಟ್ಟರೆ? ಕಾರ್ಬನ್‌ಗೆ ಹೊರಬರಲು ಪುರುಸೊತ್ತೇ ಸಿಗುವುದಿಲ್ಲ. 300 ಡಿಗ್ರಿಯ ಆಸುಪಾಸಿಗೆ ಇಳಿಯುವಾಗ ಕಬ್ಬಿಣದ ಸಾಲುಗಳು ತಟಕ್ಕನೆ ಜಾಗ ಬದಲಿಸುತ್ತವೆ. ಕಾರ್ಬನ್ ನಡುವೆ ಸಿಕ್ಕಿಬೀಳುತ್ತದೆ. ಸಾಲುಗಳು ಹಿಗ್ಗಿ ಬಿಗಿದುಕೊಳ್ಳುತ್ತವೆ. ಇದೇ ಮಾರ್ಟೆನ್ಸೈಟ್. ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಅವರ ಹೆಸರು. ಲೋಹ ಬಗ್ಗುವುದು ಎಂದರೆ ಅದರೊಳಗಿನ ಸಾಲುಗಳು ಒಂದರ ಮೇಲೊಂದು ಜಾರುವುದು. ಮಾರ್ಟೆನ್ಸೈಟ್‌ನಲ್ಲಿ ಜಾರಲು ಬಿಡುವುದೇ ಇಲ್ಲ. ಆದ್ದರಿಂದ ಅದು ಬಹಳ ಗಟ್ಟಿ. ಪೆಟ್ಟು ಬಿದ್ದಾಗಲೂ ಜಾರಲಾರದು, ಹಾಗಾಗಿ ಒಡೆಯುತ್ತದೆ. ಗಟ್ಟಿತನವೂ ಪೆಳಸುತನವೂ ಒಂದೇ ಕಾರಣಕ್ಕೆ ಬಂದವು ನೋಡಿ.

ಅಳತೆ ಬೇಕಾದರೆ ಹೇಳುತ್ತೇನೆ. ಗಟ್ಟಿತನ ಅಳೆಯಲು ರಾಕ್‌ವೆಲ್ ಸಿ ಎಂಬ ಮಾನ ಉಂಟು. ನಿಮ್ಮ ಪ್ಲೇಟಿನ ಉಕ್ಕು ಗಾಳಿಯಲ್ಲಿ ಆರಿದಾಗ ಹೆಚ್ಚುಕಡಿಮೆ 25-30. ಅದ್ದಿದ ತಕ್ಷಣ 60ರ ಹತ್ತಿರ. ಲಾರಿಯ ಅಡಿಯಲ್ಲಿ ಪ್ಲೇಟಾಗಿದ್ದಾಗ 45ರ ಆಸುಪಾಸು. ಒಳ್ಳೇ ಸೊಪ್ಪಿನ ಕತ್ತಿಗೆ ಬೇಕಾದದ್ದು 54ರಿಂದ 57.

ಈಗ ನಿಮ್ಮ ವೆಲ್ಡಿಂಗ್ ಅಂಗಡಿಯ ಕಥೆ ಬಿಡಿಸಿ ನೋಡೋಣ. ಕಣ್ಣಾರೆ ಕಂಡಿಲ್ಲ, ಆದರೆ ಲಕ್ಷಣ ನೋಡಿದರೆ ಹೀಗೇ ಆಗಿರಬೇಕು. ಮೊದಲ ಸಲ ಗ್ಯಾಸಿನಲ್ಲಿ ಕೆಂಪಗೆ ಮಾಡಿ ಬಕೆಟ್ ನೀರಿಗೆ ಅದ್ದಿ, ಹಾಗೇ ಗ್ರೈಂಡ್ ಮಾಡಿ ಕೊಟ್ಟಿದ್ದಾರೆ. 60 ಗಟ್ಟಿಯ ಕತ್ತಿ ಬಿದಿರಿನ ಗಂಟಿಗೆ ಬಿದ್ದರೆ ಚೂರು ಹಾರದೆ ಇನ್ನೇನು? ಎರಡನೇ ಸಲ ಅವರು ಹೆದರಿದರು. ಕೆಂಪಗೆ ಮಾಡಿ ನೆಲದ ಮೇಲೆ ಆರಲು ಬಿಟ್ಟರು. ಮಾರ್ಟೆನ್ಸೈಟ್ ಪೂರ್ತಿ ಅಳಿಸಿ ಪರ್ಲೈಟ್ ಆಯಿತು. ಬಾಯಿ ಮಡಚತೊಡಗಿತು.

ಎರಡನೇ ಸಲ ಅದ್ದಲೂ ಇಲ್ಲ. ಎರಡೂ ಸಲ ಬಿಟ್ಟುಹೋದದ್ದು ಇನ್ನೊಂದು ಕೆಲಸ. ಅದ್ದಿದ ಮೇಲೆ ಮತ್ತೆ ಹದವಾಗಿ ಕಾಯಿಸುವುದು. ಕಾರ್ಖಾನೆಯ ಭಾಷೆಯಲ್ಲಿ ಟೆಂಪರಿಂಗ್. ಸುಮಾರು 200ರಿಂದ 300 ಡಿಗ್ರಿಗೆ ಕಾಯಿಸಿದಾಗ ಸಿಕ್ಕಿಬಿದ್ದ ಕಾರ್ಬನ್‌ನಲ್ಲಿ ಸ್ವಲ್ಪ ಪಾಲು ಮೆಲ್ಲಗೆ ಹೊರಬಂದು ಸಣ್ಣ ಸಣ್ಣ ಕಣವಾಗಿ ಕೂರುತ್ತದೆ. ಸಾಲುಗಳ ಬಿಗಿತ ಸಡಿಲುತ್ತದೆ. ಗಟ್ಟಿತನ 60ರಿಂದ 56ಕ್ಕೆ ಇಳಿಯಬಹುದು. ನಾಲ್ಕು ಅಂಕ ಕೊಟ್ಟು ಪೆಟ್ಟು ತಡೆಯುವ ಶಕ್ತಿಯನ್ನು ಎಷ್ಟೋ ಪಾಲು ಜಾಸ್ತಿ ಪಡೆಯುತ್ತೀರಿ. ನನ್ನ ಲೆಕ್ಕದಲ್ಲಿ ಕಮ್ಮಾರಿಕೆಯಲ್ಲಿ ಇದಕ್ಕಿಂತ ಲಾಭದ ವ್ಯಾಪಾರ ಇಲ್ಲ.

ಈ ಕೆಲಸವನ್ನು ನಾಳೆ ಮಾಡಿದರಾಯ್ತು ಎಂದು ಬಿಡಲೂ ಆಗುವುದಿಲ್ಲ. ನಾನು ಬೆಂಗಳೂರಿನ ಒಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದಾಗಿನ ಮಾತು. ಸಂಜೆ ಒಂದು ಲೋಡ್ ಶಾಫ್ಟ್ ಎಣ್ಣೆಗೆ ಅದ್ದಿ ತೆಗೆದಿದ್ದೆವು. ಟೆಂಪರಿಂಗ್ ಕುಲುಮೆ ಖಾಲಿ ಇರಲಿಲ್ಲ. ಬೆಳಿಗ್ಗೆ ನೋಡೋಣ ಎಂದು ಮನೆಗೆ ಹೋದೆವು. ರಾತ್ರಿ ಪಾಳಿಯ ವಾಚ್‌ಮನ್ ಆ ಮೂಲೆಯಿಂದ ಆಗಾಗ ಟಿಣ್ ಟಿಣ್ ಶಬ್ದ ಬರುತ್ತಿತ್ತು ಎಂದ. ಅರ್ಧಕ್ಕರ್ಧ ಶಾಫ್ಟ್ ಉದ್ದಕ್ಕೆ ಸೀಳಿದ್ದವು. ಯಾರೂ ಮುಟ್ಟಿರಲಿಲ್ಲ. ಮಾರ್ಟೆನ್ಸೈಟ್ ಆಗುವಾಗ ಉಕ್ಕು ಹಿಗ್ಗುತ್ತದೆ. ಹೊರಗಿನ ಪದರ ಮೊದಲು ಹಿಗ್ಗಿ ಗಟ್ಟಿಯಾಗಿ ಕೂತಿರುತ್ತದೆ. ಒಳಗಿನದು ಆಮೇಲೆ ಹಿಗ್ಗಿ ಹೊರಗಿನದನ್ನು ಸೀಳುತ್ತದೆ. ಆ ತಪ್ಪಿಗೆ ಬೈಸಿಕೊಂಡವರಲ್ಲಿ ನಾನೂ ಒಬ್ಬ.

ನಿಮ್ಮೂರ ಆಚಾರರು ಇದನ್ನೆಲ್ಲ ಯಾವ ಥರ್ಮಾಮೀಟರೂ ಇಲ್ಲದೆ ಮಾಡಿದ್ದಾರೆ. ಹೇಗೆ ಎಂದು ಒಮ್ಮೆ ಹತ್ತಿರ ನಿಂತು ನೋಡಿ. ಕುಲುಮೆ ಕತ್ತಲೆ ಕತ್ತಲೆ ಇರುತ್ತದೆ, ಅಲ್ವಾ? ಕಿಟಕಿ ಇಡಲು ದುಡ್ಡಿಲ್ಲದೆ ಅಲ್ಲ. ಕಾದ ಕಬ್ಬಿಣದ ಬಣ್ಣ ಬಿಸಿಲಿನಲ್ಲಿ ಮೋಸ ಮಾಡುತ್ತದೆ. ಮಬ್ಬಿನಲ್ಲಿ ಮಾತ್ರ ನಿಜ ಹೇಳುತ್ತದೆ. ಮಾಗಿದ ಮುರುಗಲು ಹಣ್ಣಿನ ಕಡುಗೆಂಪು ಬಂದರೆ 700ರ ಸುತ್ತಮುತ್ತ, ಅದು ಸಾಲದು. ಕೆಂಪು ಗೇರುಹಣ್ಣಿನಂತೆ ಸ್ವಲ್ಪ ಕಿತ್ತಳೆ ಸೇರಿದ ಕೆಂಪು ಬಂದರೆ 850ರ ಹತ್ತಿರ. ಲಾರಿ ಪ್ಲೇಟಿಗೆ ಅದು ಸರಿ. ಹಳದಿಗೆ ತಿರುಗಿದರೆ ಜಾಸ್ತಿಯಾಯ್ತು. ಒಳಗಿನ ಹರಳುಗಳು ಒಂದನ್ನೊಂದು ನುಂಗಿ ದೊಡ್ಡದಾಗುತ್ತವೆ, ಆಮೇಲೆ ಎಷ್ಟೇ ಚೆನ್ನಾಗಿ ಅದ್ದಿದರೂ ಕತ್ತಿ ಪೆಳಸು. ಮುರಿದ ಜಾಗದಲ್ಲಿ ಕಲ್ಲುಸಕ್ಕರೆ ಪುಡಿಯಂತೆ ಹೊಳೆಯುವ ದೊಡ್ಡ ಕಾಳು ಕಂಡರೆ ಹೀಗಾಗಿದೆ ಎಂದೇ ಲೆಕ್ಕ. ಒಳ್ಳೆಯದು ಮುರಿದಾಗ ಬೂದು ರೇಷ್ಮೆಯಂತಿರುತ್ತದೆ.

ಆಮೇಲೆ ಅವರು ಇಡೀ ಕತ್ತಿಯನ್ನು ಅದ್ದುವುದಿಲ್ಲ. ಬಾಯಿಯನ್ನಷ್ಟೇ ಅದ್ದುತ್ತಾರೆ. ಬೆನ್ನು ಕೆಂಪಗೇ ಇರುತ್ತದೆ. ಹೊರತೆಗೆದು ಬಾಯಿಯನ್ನು ಕಲ್ಲಿಗೆ ಒಂದೆರಡು ಸಲ ಉಜ್ಜಿ ಬಿಳಿ ಮಾಡುತ್ತಾರೆ. ಬೆನ್ನಿನ ಬಿಸಿ ಮೆಲ್ಲಗೆ ಬಾಯಿಯ ಕಡೆ ಹರಿಯುತ್ತದೆ. ಉಜ್ಜಿದ ಜಾಗದಲ್ಲಿ ಬಣ್ಣ ಓಡುತ್ತದೆ. ಮೊದಲು ಒಣಹುಲ್ಲಿನ ತಿಳಿ ಹಳದಿ, ಅದು 220 ಡಿಗ್ರಿಯ ಸುತ್ತ. ಆಮೇಲೆ ಕಂದು, 255ರ ಸುತ್ತ. ನೇರಳೆ, 275. ಕಡುನೀಲಿ ಬಂದಾಗ 295. ಉಕ್ಕಿನ ಮೈಮೇಲೆ ಏಳುವ ತೆಳ್ಳನೆ ತುಕ್ಕಿನ ಪರೆ ದಪ್ಪವಾದಂತೆ ಬಣ್ಣ ಬದಲಾಗುತ್ತದೆ. ಬೇಕಾದ ಬಣ್ಣ ಬಾಯಿಗೆ ಮುಟ್ಟಿದ ಕ್ಷಣ ಮತ್ತೆ ಅದ್ದಿಬಿಡುತ್ತಾರೆ. ಅದ್ದುವುದು, ಟೆಂಪರಿಂಗ್, ಎರಡೂ ಒಂದೇ ಕಾವಿನಲ್ಲಿ ಮುಗಿಯಿತು. ಬೆನ್ನು ಮೆತ್ತಗೆ ಉಳಿದು ಪೆಟ್ಟು ತಿನ್ನುತ್ತದೆ, ಬಾಯಿ ಗಟ್ಟಿಯಾಗಿ ಹರಿತ ಹಿಡಿಯುತ್ತದೆ. ನಾಲ್ಕು ವರ್ಷ ಯಾಕೆ ಬಂತು ಎಂದು ಈಗ ಗೊತ್ತಾಯಿತಲ್ಲ.

ಯಾವ ಬಣ್ಣಕ್ಕೆ ನಿಲ್ಲಿಸಬೇಕು ಎನ್ನುವುದು ಕೆಲಸದ ಮೇಲೆ. ಕಾರವಾರದ ಪೇಟೆಯಲ್ಲಿ ಮೀನು ಕೊಯ್ಯುವ ಮೆಟ್ಟುಗತ್ತಿಗೆ ಯಾರೂ ಬೀಸಿ ಹೊಡೆಯುವುದಿಲ್ಲ, ಅದಕ್ಕೆ ಹುಲ್ಲಿನ ಹಳದಿ ಸಾಕು. ಅಡಿಕೆ ಸುಲಿಯುವ ಮೆಟ್ಟುಗತ್ತಿಗೂ ಅಷ್ಟೇ. ಬೀಸಿ ಕಡಿಯುವ ಕತ್ತಿಗೆ ಕಂದು ದಾಟಿ ನೇರಳೆ. ಕೊಡಲಿಗೆ ನೇರಳೆ ಮುಗಿದು ನೀಲಿ ಬರುವ ಹೊತ್ತು.

ಇಲ್ಲೇ ಒಂದು ಎಚ್ಚರಿಕೆ. ಮಸೆಗಲ್ಲಿನ ಬದಲು ಕೈಗ್ರೈಂಡರ್ ಹಿಡಿಯುತ್ತೀರಲ್ಲ, ಬಾಯಿಯ ತುದಿ ನೀಲಿಯಾಗುವುದನ್ನು ನೋಡಿರಬಹುದು. ಆ ನೀಲಿ ಬರೇ ಬಣ್ಣ ಅಲ್ಲ. ತುದಿ 300 ಡಿಗ್ರಿ ಮುಟ್ಟಿತು, ಅಲ್ಲಿಯ ಹದ ಇಳಿಯಿತು ಎಂದು ಅರ್ಥ. ನೀಲಿಯನ್ನು ಉಜ್ಜಿ ತೆಗೆದರೆ ಬಣ್ಣ ಹೋಗುತ್ತದೆ, ಹದ ವಾಪಸ್ ಬರುವುದಿಲ್ಲ. ಎಷ್ಟೋ ಒಳ್ಳೇ ಕತ್ತಿಗಳು ಹೀಗೆ ಸತ್ತಿವೆ. ಗ್ರೈಂಡರ್ ಬೇಕೇ ಬೇಕು ಅಂದರೆ ಎರಡು ಸೆಕೆಂಡ್ ತಾಗಿಸಿ, ನೀರಿಗೆ ಅದ್ದಿ, ಮತ್ತೆ ಎರಡು ಸೆಕೆಂಡ್.

ಸಮುದ್ರದ ನೀರಿನ ಮಾತಿಗೆ ಬರೋಣ. ಅದರಲ್ಲಿ ಅರ್ಧ ನಿಜ ಇದೆ. ಕೆಂಪು ಕಬ್ಬಿಣವನ್ನು ನೀರಿಗೆ ಅದ್ದಿದಾಗ ಸುತ್ತ ಆವಿಯ ಕಂಬಳಿ ಕಟ್ಟಿಕೊಳ್ಳುತ್ತದೆ. ಕಾದ ಕಾವಲಿಯ ಮೇಲೆ ನೀರಿನ ಹನಿ ಓಡಾಡುತ್ತದಲ್ಲ, ಅದೇ. ಆ ಕಂಬಳಿ ಇರುವಷ್ಟು ಹೊತ್ತು ಶಾಖ ಸರಿಯಾಗಿ ಹೊರಹೋಗುವುದಿಲ್ಲ. ನೀರಿನಲ್ಲಿ ಉಪ್ಪಿದ್ದರೆ ಕಂಬಳಿ ಬೇಗ ಹರಿಯುತ್ತದೆ. ಹಾಗಾಗಿ ಉಪ್ಪುನೀರು ಸಿಹಿನೀರಿಗಿಂತ ಬೇಗ ತಣಿಸುತ್ತದೆ. ಕಾರ್ಖಾನೆಗಳಲ್ಲಿ ನೂರಕ್ಕೆ ಸುಮಾರು 10ರಷ್ಟು ಉಪ್ಪು ಹಾಕಿದ ನೀರನ್ನು ಬೇಕೆಂದೇ ಬಳಸುತ್ತಾರೆ. ಸಮುದ್ರದಲ್ಲಿ ಇರುವುದು ಸುಮಾರು 3.5. ಕಾಳಿ ನದಿ ಸಮುದ್ರ ಸೇರುವ ಜಾಗದಲ್ಲಿ ಮಳೆಗಾಲದಲ್ಲಿ ತುಂಬಿದ್ದರೆ ಅದಕ್ಕಿಂತಲೂ ಬಹಳ ಕಡಿಮೆ. ಉಪ್ಪೇ ಬೇಕಾದರೆ ಅಂಗಡಿಯ ಕಲ್ಲುಪ್ಪು ಸಾಕು, ಕ್ಯಾನು ಹಿಡಿದು ಘಟ್ಟ ಇಳಿಯಬೇಕಾಗಿಲ್ಲ.

ಆದರೆ ನಿಮ್ಮ ಪ್ಲೇಟಿಗೆ ಅಷ್ಟು ಬೇಗ ತಣಿಸುವುದು ಬೇಡ. ಸಿಲಿಕಾನ್, ಮ್ಯಾಂಗನೀಸ್ ಇರುವುದರಿಂದ ಅದು ಎಣ್ಣೆಯಲ್ಲೇ ಗಟ್ಟಿಯಾಗುತ್ತದೆ. ನೀರಿಗೆ, ಅದರಲ್ಲೂ ಉಪ್ಪುನೀರಿಗೆ ಪೂರ್ತಿ ಅದ್ದಿದರೆ ಬಿರುಕು ಬಿಡುವ ಭಯ ಜಾಸ್ತಿ. ನಿಮ್ಮ ಆಚಾರರು ನೀರಿನಲ್ಲೇ ಮಾಡಿದ್ದರೆ ಅದು ಬಾಯಿಯನ್ನು ಮಾತ್ರ ಅದ್ದಿ, ಬೇಗ ತೆಗೆದ ಕೈಚಳಕ. ಇಂಥ ಬಾವಿಯ ನೀರಿಗೇ ಹದ ಬರುತ್ತದೆ ಎಂಬ ಮಾತು ಬಹಳ ಊರುಗಳಲ್ಲಿದೆ. ಬಾವಿಯ ಹಿಂದೆ ಒಬ್ಬ ಒಳ್ಳೇ ಆಚಾರಿ ಇರುತ್ತಾನೆ, ಹೆಸರು ಬಾವಿಗೆ ಬರುತ್ತದೆ.

ಹದ ಹಾಕಿದರೆ ಪ್ಲೇಟು ಕಡಿಮೆ ಬಳುಕುತ್ತದೆ ಎಂದುಕೊಂಡವರೂ ಬಹಳ. ನಾನೂ ಕಾಲೇಜಿಗೆ ಹೋಗುವವರೆಗೆ ಹಾಗೇ ತಿಳಿದಿದ್ದೆ. ಅದು ತಪ್ಪು. ಒಂದೇ ಅಳತೆಯ ಎರಡು ಪಟ್ಟಿ ತಗೊಂಡು, ಒಂದಕ್ಕೆ ಹದ ಹಾಕಿ, ಒಂದನ್ನು ಮೆತ್ತಗೆ ಬಿಟ್ಟು, ಎರಡಕ್ಕೂ ಒಂದೇ ಸಣ್ಣ ಭಾರ ತೂಗಿದರೆ ಎರಡೂ ಒಂದೇ ಅಷ್ಟು ಬಳುಕುತ್ತವೆ. ಬಳುಕು ಎನ್ನುವುದು ಪರಮಾಣುಗಳ ನಡುವಿನ ಎಳೆತಕ್ಕೆ ಸೇರಿದ್ದು, ಅದನ್ನು ಕಾಯಿಸಿ ಅದ್ದಿ ಬದಲಿಸಲಾಗದು. ಭಾರ ಹೆಚ್ಚಿಸುತ್ತಾ ಹೋದರೆ ವ್ಯತ್ಯಾಸ ಕಾಣುತ್ತದೆ. ಮೆತ್ತನೆಯದು ಬಗ್ಗಿದಲ್ಲೇ ಉಳಿಯುತ್ತದೆ. ಹದದ್ದು ಭಾರ ಇಳಿಸಿದ ಕೂಡಲೇ ವಾಪಸ್ ನೆಟ್ಟಗಾಗುತ್ತದೆ.

ಲಾರಿ ಪ್ಲೇಟಿಗೆ ಬದಲು ಮನೆ ಕಟ್ಟುವಾಗ ಉಳಿದ ಟಿಎಂಟಿ ಸರಳಿನಿಂದ ಕತ್ತಿ ಮಾಡಬಹುದೇ ಎಂದು ಮುಂದೆ ಯಾರಾದರೂ ಕೇಳುತ್ತಾರೆ, ಈಗಲೇ ಹೇಳಿಬಿಡುತ್ತೇನೆ. ಆಗುವುದಿಲ್ಲ. ಕಾರ್ಬನ್ ಸಾಲದು. ಎಫ್‌ಇ 500 ಎಂಬ ದರ್ಜೆಯ ಸರಳಿನಲ್ಲಿ ನೂರಕ್ಕೆ 0.3 ಮೀರುವಂತೆಯೇ ಇಲ್ಲ. ಅದರ ಬಲ ಬಂದಿರುವುದು ಬೇರೆ ಜಾಣತನದಿಂದ. ಗಿರಣಿಯಿಂದ ಕೆಂಪಗೆ ಹೊರಬರುವಾಗಲೇ ನೀರು ಚಿಮ್ಮಿಸಿ ಹೊರಮೈಯನ್ನಷ್ಟೇ ಮಾರ್ಟೆನ್ಸೈಟ್ ಮಾಡುತ್ತಾರೆ. ಒಳಗಿನ ಬಿಸಿ ಹೊರಗೆ ಹರಿದು ಅದನ್ನು ಟೆಂಪರ್ ಮಾಡುತ್ತದೆ. ನಿಮ್ಮ ಆಚಾರರ ಉಪಾಯವೇ, ಮೈಲಿಗಟ್ಟಲೆ ಉದ್ದಕ್ಕೆ. ಹಾಗಾಗಿ ಸರಳನ್ನು ಬಗ್ಗಿಸಲು ಗ್ಯಾಸಿನಲ್ಲಿ ಕೆಂಪಗೆ ಕಾಯಿಸುವ ಮೇಸ್ತ್ರಿಗಳನ್ನು ಕಂಡರೆ ತಡೆಯಿರಿ. ದುಡ್ಡು ಕೊಟ್ಟು ತಂದ ಬಲ ಆ ಜಾಗದಲ್ಲಿ ಅಲ್ಲೇ ಇಳಿದುಹೋಗುತ್ತದೆ.

ಬಿರುಕು ಇಲ್ಲದಿದ್ದರೆ ನಿಮ್ಮ ಕತ್ತಿ ಸರಿಯಾಗುತ್ತದೆ. ಊರ ಆಚಾರರಿಗೇ ಕೊಡಿ, ಅದು ಎಲ್ಲಕ್ಕಿಂತ ಸುಲಭ. ನೀವೇ ಮಾಡಿ ನೋಡುವ ಹಟ ಇದ್ದರೆ ಹೀಗೆ. ಇದ್ದಿಲಿನ ಬೆಂಕಿಯಲ್ಲಿ ಬಾಯಿಯ ಭಾಗ ಒಂದೇ ಸಮನೆ ಕಾಯಲಿ. ಒಂದು ಅಯಸ್ಕಾಂತವನ್ನು ಕಂಬಿಗೆ ಕಟ್ಟಿ ಇಟ್ಟುಕೊಳ್ಳಿ. ಕಬ್ಬಿಣ ಸುಮಾರು 770 ಡಿಗ್ರಿಗೆ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಂಟದಿದ್ದ ಮೇಲೂ ಸ್ವಲ್ಪ ಕಾಯಿಸಿ, ಗೇರುಹಣ್ಣಿನ ಬಣ್ಣ ಬರಲಿ, ಒಂದೆರಡು ನಿಮಿಷ ನಿಲ್ಲಲಿ. ಅರ್ಧ ಗಂಟೆ ಬೆಂಕಿಯಲ್ಲಿ ಮರೆತು ಕೂರಬೇಡಿ. ಮೈಮೇಲಿನ ಕಾರ್ಬನ್ ಗಾಳಿಗೆ ಸುಟ್ಟುಹೋಗುತ್ತದೆ, ಸಿಲಿಕಾನ್ ಇರುವ ಉಕ್ಕಿನಲ್ಲಿ ಅದು ಇನ್ನೂ ಜಾಸ್ತಿ. ಆಮೇಲೆ ಅಡುಗೆ ಎಣ್ಣೆಯನ್ನು ಕೈಗೆ ಚುರ್ರೆನ್ನುವಷ್ಟು, 50-60 ಡಿಗ್ರಿ, ಬೆಚ್ಚಗೆ ಮಾಡಿ ಉದ್ದದ ಕಬ್ಬಿಣದ ಡಬ್ಬದಲ್ಲಿ ಇಟ್ಟಿರಿ. ಪ್ಲಾಸ್ಟಿಕ್ ಬೇಡ. ಅಂಗಳದಲ್ಲೇ ಮಾಡಿ, ಕೊಟ್ಟಿಗೆಯ ಹುಲ್ಲಿನ ಹತ್ತಿರ ಅಲ್ಲ, ಎಣ್ಣೆಗೆ ಬೆಂಕಿ ಹತ್ತುವುದು ಮಾಮೂಲು. ಮುಚ್ಚಲು ತಗಡು ಕೈಯಳತೆಯಲ್ಲಿ ಇರಲಿ, ನೀರು ಸುರಿಯಬೇಡಿ. ಬಾಯಿ ಕೆಳಗೆ ಮಾಡಿ ನೆಟ್ಟಗೆ ಅದ್ದಿ. ಅಡ್ಡಕ್ಕೆ ಅಲ್ಲಾಡಿಸಿದರೆ ಡೊಂಕಾಗುತ್ತದೆ.

ಆರಿದ ಮೇಲೆ ಹಳೇ ಅರ ತಗೊಂಡು ಬಾಯಿಗೆ ಉಜ್ಜಿ. ಅರ ಕಚ್ಚದೆ ಜಾರಿದರೆ ಮಾರ್ಟೆನ್ಸೈಟ್ ಆಗಿದೆ. ಕಚ್ಚಿದರೆ ಕಾರ್ಬನ್ ಸುಟ್ಟ ಮೇಲ್ಪದರ ಇರಬಹುದು, ಅರ್ಧ ಮಿಲಿಮೀಟರ್ ಉಜ್ಜಿ ಮತ್ತೆ ನೋಡಿ. ಆಗಲೂ ಕಚ್ಚಿದರೆ ಬಿಸಿ ಸಾಲಲಿಲ್ಲ, ಮತ್ತೆ ಮೊದಲಿಂದ. ಅರ ಜಾರಿತೋ, ಅದೇ ದಿನ ಟೆಂಪರಿಂಗ್. ಮನೆಯಲ್ಲಿ ಕೇಕ್ ಮಾಡುವ ಓಟಿಜಿ ಇದ್ದರೆ 250ಕ್ಕೆ ಇಟ್ಟು ಒಂದು ಗಂಟೆ, ತಣಿಸಿ ಮತ್ತೊಂದು ಗಂಟೆ. ಓಟಿಜಿಯ ಗುಂಡಿ ಹೇಳುವ ಡಿಗ್ರಿಯನ್ನು ಪೂರ್ತಿ ನಂಬಬೇಡಿ. ಉಜ್ಜಿದ ಬಾಯಿಗೆ ಕಡೇಪಕ್ಷ ಕಂದು ಬಣ್ಣವಾದರೂ ಬಂತೇ ನೋಡಿ. ಎಣ್ಣೆ ವಾಸನೆಗೆ ಮನೆಯವರು ಬೈದರೆ ಅದಕ್ಕೆ ನಾನು ಹೊಣೆ ಅಲ್ಲ.

ಇಷ್ಟಕ್ಕೆಲ್ಲ ಕೈ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ನಿಮ್ಮ ಕತ್ತಿ ಒಮ್ಮೆ ನೀರಿಗೆ ಬಿದ್ದು ಚೂರು ಹಾರಿಸಿಕೊಂಡದ್ದು. ಪ್ಲೇಟು ಅದಕ್ಕೂ ಮೊದಲು ಎಷ್ಟೋ ವರ್ಷ ಲಾರಿಯ ಅಡಿ ಬಳುಕಿದ್ದು. ಕಣ್ಣಿಗೆ ಕಾಣದ ಬಿರುಕು ಇರಬಹುದು. ಕತ್ತಿಯನ್ನು ಚೆನ್ನಾಗಿ ತೊಳೆದು ಒಣಗಿಸಿ, ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಹದಿನೈದು ನಿಮಿಷ ಬಿಡಿ. ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ, ಸುಣ್ಣವನ್ನೋ ಸೀಮೆಸುಣ್ಣದ ಪುಡಿಯನ್ನೋ ತೆಳ್ಳಗೆ ಬಳಿಯಿರಿ. ಬಿರುಕಿದ್ದರೆ ಒಳಗೆ ಉಳಿದ ಎಣ್ಣೆ ಬಿಳಿಯ ಮೇಲೆ ಕಪ್ಪು ಗೆರೆಯಾಗಿ ಒಸರುತ್ತದೆ. ಗೆರೆ ಬಾಯಿಯ ಅಂಚಿನಲ್ಲೇ ಮೂರ್ನಾಲ್ಕು ಮಿಲಿಮೀಟರ್ ಇದ್ದರೆ ಅಷ್ಟನ್ನು ಉಜ್ಜಿ ತೆಗೆದು ಮುಂದುವರಿಯಬಹುದು. ಬೆನ್ನಿನ ಕಡೆ ಓಡಿದ್ದರೆ ಅಥವಾ ಹಿಡಿಯ ಬುಡದಲ್ಲಿ ಕಂಡರೆ ಆ ಕತ್ತಿಯನ್ನು ಗುಜರಿಗೆ ಹಾಕಿ, ಉಳಿದ ಪ್ಲೇಟಿನ ತುಂಡಿದ್ದರೆ ಅದನ್ನು ಆಚಾರರ ಹತ್ತಿರ ಕೊಂಡುಹೋಗಿ.